ಸಣ್ಣಸ್ವಾಮಿಯವರ ಮಳೆ ಪುಸ್ತಕ

ಕೊಡಗಿನಲ್ಲಿ ಮಳೆಗಾಲದ ಬೆಳಿಗ್ಗೆ ಇಬ್ಬರು ಎದುರಾದರೆ ಮೊದಲ ಮಾತು 'ನಿಮ್ಮಲ್ಲಿ ಎಷ್ಟಾಯ್ತು?' ಎಂದೇ. ಜೋರು ಮಳೆ, ಭಾರಿ ಮಳೆ ಎಂದೆಲ್ಲ ಹೇಳಿದರೆ ಯಾರೂ ಒಪ್ಪುವುದಿಲ್ಲ. ಒಂದು ಇಂಚು ಇಪ್ಪತ್ತು ಸೆಂಟ್ ಎಂದು ಹೇಳಬೇಕು. ನೂರು ಸೆಂಟಿಗೆ ಒಂದು ಇಂಚು. ಮಡಿಕೇರಿಯ ಮೇಷ್ಟರ ಮನೆಯಲ್ಲಿ ಹುಟ್ಟಿದ ನನಗೆ ತೋಟವೂ ಇಲ್ಲ, ಮಳೆ ಅಳೆಯುವ ಡಬ್ಬಿಯೂ ಇಲ್ಲ. ಹಾಗಾಗಿ ಈ ಇಂಚು ಸೆಂಟಿನ ಮಾತನ್ನು ಕಾಫಿ ತೋಟದವರ ಹುಚ್ಚು ಎಂದು ನಗುತ್ತಿದ್ದೆ. ಆ ಹುಚ್ಚಿನಿಂದಲೇ ನನ್ನ ಕೊನೆಯ ವಿದ್ಯಾರ್ಥಿನಿಯ ಪಿಎಚ್.ಡಿ. ಹುಟ್ಟಿತು. ಅದು ಮುಳುಗಿದ್ದರಲ್ಲಿ ನನ್ನ ಕೈಯೂ ಇದೆ.

ನನ್ನ ಹೆಸರು ಅನ್ನಪೂರ್ಣೇಶ್ವರಿ. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂದು ವಿದ್ಯಾರ್ಥಿಗಳು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತು. ಮೂಗಿನ ತುದಿಯಲ್ಲೇ ಕೋಪ. ಸ್ನಾತಕೋತ್ತರ ಕೇಂದ್ರದಲ್ಲಿ ಇಪ್ಪತ್ತೇಳು ವರ್ಷ ಕಂಪ್ಯೂಟರ್ ಸೈನ್ಸ್ ಪಾಠ ಮಾಡಿದೆ, ಆರು ಜನರಿಗೆ ಪಿಎಚ್.ಡಿ. ಗೈಡ್ ಆಗಿದ್ದೆ. ಏಳನೆಯವಳು ಧನುಶ್ರೀ. ಮೊದಲ ಆರು ಜನ ನನಗೆ ಹೆದರಿ ಕೆಲಸ ಮಾಡಿದರು. ಇವಳೊಬ್ಬಳು ಬೈಸಿಕೊಂಡು, ತಲೆ ತಗ್ಗಿಸಿ ನಿಂತು, ಆಮೇಲೆ 'ಮೇಡಂ, ನೀವು ಹೇಳಿದ್ದು ತಪ್ಪು ಅನ್ಸುತ್ತೆ' ಎಂದು ಮೆಲ್ಲಗೆ ಹೇಳುತ್ತಿದ್ದಳು. ಹತ್ತರಲ್ಲಿ ಏಳು ಸಲ ಅವಳ ಮಾತೇ ಸರಿಯಿರುತ್ತಿತ್ತು.

ಅವಳ ಅಪ್ಪ ಸಣ್ಣಸ್ವಾಮಿ ಸುಂಟಿಕೊಪ್ಪದ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಹಾಜರಿ ಹಾಕುವುದು, ಕೊಯ್ದ ಕಾಫಿ ಹಣ್ಣಿನ ತೂಕ ಬರೆಯುವುದು, ಕೂಲಿಯವರ ಲೈನ್ ಮನೆಗಳ ಜಗಳ ಬಿಡಿಸುವುದು ಅವರ ಕೆಲಸ. ಅದರ ಜೊತೆಗೆ ಪ್ರತಿ ಬೆಳಿಗ್ಗೆ ಎಂಟು ಗಂಟೆಗೆ ಬಂಗಲೆಯ ಮುಂದಿನ ಡಬ್ಬಿಯಲ್ಲಿ ಬಿದ್ದ ಮಳೆನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು, ಗೆರೆ ನೋಡಿ, ಮಾಲೀಕ ಪೂವಯ್ಯನವರಿಗೆ ಫೋನಿನಲ್ಲಿ ಹೇಳಿ, ನೋಟ್‌ಬುಕ್ಕಿನಲ್ಲಿ ಬರೆಯಬೇಕು. ತೊಂಬತ್ತೊಂದರಿಂದ ಎರಡು ಸಾವಿರದ ಇಪ್ಪತ್ತರವರೆಗೆ ಇಪ್ಪತ್ತೊಂಬತ್ತು ವರ್ಷ ಅವರು ಹಾಗೆ ಬರೆದರು. ಕೆಲಸ ಬಿಡುವ ದಿನ ಪೂವಯ್ಯನವರು ಆ ಇಪ್ಪತ್ತೊಂಬತ್ತು ನೋಟ್‌ಬುಕ್‌ಗಳನ್ನೂ ಅವರಿಗೇ ಕೊಟ್ಟು ಕಳಿಸಿದರಂತೆ.

ಹದಿನೆಂಟರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಮೇಲೆ ಧನುಶ್ರೀ ನನ್ನ ಬಳಿ ಬಂದಳು. ಎಷ್ಟು ದಿನ, ಎಷ್ಟು ಇಂಚು ಮಳೆ ಸುರಿದರೆ ಒಂದು ಗುಡ್ಡದ ಕೆಳಗಿನ ಮನೆಗಳನ್ನು ಖಾಲಿ ಮಾಡಿಸಬೇಕು ಎಂದು ಮೊದಲೇ ಹೇಳುವ ಪ್ರೋಗ್ರಾಂ ಬರೆಯಬೇಕೆಂಬುದು ಅವಳ ಆಸೆ. ಕಂಪ್ಯೂಟರಿಗೆ ಹಳೆಯ ಮಳೆ, ಹಳೆಯ ಕುಸಿತ ಎಲ್ಲವನ್ನೂ ತೋರಿಸಿ ಕಲಿಸಬೇಕು. ಸರ್ಕಾರಿ ಮಳೆಮಾಪನ ಕೇಂದ್ರಗಳು ದೂರ ದೂರ ಇವೆ, ಇಲ್ಲಿ ಒಂದು ಗುಡ್ಡದ ಮಳೆ ಪಕ್ಕದ ಗುಡ್ಡಕ್ಕೆ ಇರುವುದಿಲ್ಲ. ಅಪ್ಪನ ನೋಟ್‌ಬುಕ್ಕುಗಳು ಸಿಕ್ಕಾಗ ನಾವಿಬ್ಬರೂ ಕುಣಿದಾಡಿದ್ದು ನಿಜ. ಹತ್ತು ಸಾವಿರಕ್ಕೂ ಹೆಚ್ಚು ದಿನಗಳ ಮಳೆಯನ್ನು ಅವಳೊಬ್ಬಳೇ ಟೈಪ್ ಮಾಡಿದಳು. ನಮ್ಮಿಬ್ಬರ ಹೆಸರಿನಲ್ಲಿ ಒಂದು ಪ್ರಬಂಧ ಒಳ್ಳೆಯ ಜರ್ನಲ್ಲಿನಲ್ಲಿ ಬಂತು. ಅದರ ಒಂದು ಪ್ರತಿಯನ್ನು ಸಣ್ಣಸ್ವಾಮಿ ದೇವರ ಫೋಟೋದ ಪಕ್ಕ ಇಟ್ಟಿದ್ದಾರೆಂದು ಅವಳು ನಗುತ್ತ ಹೇಳಿದ್ದಳು.

ಅದೆಲ್ಲ ಆಗಲು ಏಳು ವರ್ಷ ಹಿಡಿಯಿತು. ನಡುವೆ ಕೊರೊನಾ ಬಂತು, ಅವಳಿಗೆ ಅತಿಥಿ ಉಪನ್ಯಾಸಕಿಯ ಕೆಲಸದ ಓಡಾಟ ಬಂತು, ಎರಡು ಸಲ ಅವಧಿ ವಿಸ್ತರಣೆ ಆಯಿತು. ಮೂರನೆಯದು ಇಲ್ಲ ಎಂದು ವಿಶ್ವವಿದ್ಯಾಲಯ ಕಾಗದ ಕಳಿಸಿತು. ಕಳೆದ ವರ್ಷ ಜೂನ್ ಮೂವತ್ತರೊಳಗೆ ಥೀಸಿಸ್ ಸಲ್ಲಿಸಬೇಕು, ಇಲ್ಲದಿದ್ದರೆ ನೋಂದಣಿ ರದ್ದು. ಅವಳಿಗೆ ಆಗ ಮೂವತ್ತೊಂದು ವಯಸ್ಸು. ಮದುವೆ ಮಾತು ಬಂದಾಗಲೆಲ್ಲ 'ಥೀಸಿಸ್ ಆಗ್ಲಿ' ಎಂದು ತಳ್ಳಿಕೊಂಡೇ ಬಂದಿದ್ದಳು.

ಮೇ ತಿಂಗಳಲ್ಲಿ ಅಂತಿಮ ಸಲ್ಲಿಕೆಗೆ ಮುಂಚಿನ ಮಂಡನೆ ಇತ್ತು. ಅವಳು ಚೆನ್ನಾಗಿಯೇ ಮಾತಾಡಿದಳು. ಕೊನೆಯಲ್ಲಿ ನಮ್ಮ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಅನೀಶ್ ಎಂಬ ಹುಡುಗ ಕೈ ಎತ್ತಿದ. "ಒಂದು ಸಣ್ಣ ಡೌಟು. ಹದಿನೈದನೇ ಇಸವಿ ಜೂನ್ ಆದ್ಮೇಲೆ ಎಲ್ಲಾ ಅಂಕಿಗಳೂ ಸೊನ್ನೆ ಅಥವಾ ಐದರಲ್ಲೇ ಮುಗಿಯುತ್ತಲ್ಲ, ಯಾಕೆ? ಅದಕ್ಕೆ ಮುಂಚೆ ಹಾಗಿಲ್ಲ."

ನಾನು ಅವನ ಮೇಲೆ ಹರಿಹಾಯ್ದೆ. ತೋಟದಲ್ಲಿ ಒಂದು ದಿನವೂ ಮಳೆಯಲ್ಲಿ ನೆನೆಯದವರು ಕುರ್ಚಿಯಲ್ಲಿ ಕೂತು ತಪ್ಪು ಹುಡುಕುವುದು ಸುಲಭ ಎಂದೆ. ಪಾಪ, ಅವನು ಕೆಂಪಾಗಿ ಕೂತ. ಆದರೂ ಸಮಿತಿಯವರು ಬಿಡಲಿಲ್ಲ. ಮಳೆ ಅಳೆದ ವ್ಯಕ್ತಿಯಿಂದ, ಹೇಗೆ ಅಳೆದರು ಎಂಬ ಬಗ್ಗೆ ಸಹಿ ಮಾಡಿದ ಪ್ರಮಾಣಪತ್ರ ತಂದು ಥೀಸಿಸ್ ಜೊತೆ ಲಗತ್ತಿಸಿ ಎಂದು ಬರೆದರು.

ಮಾರನೆಯ ದಿನ ನಾನೇ ಅಂಕಿಗಳನ್ನು ತೆಗೆದು ನೋಡಿದೆ. ಅನೀಶ್ ಹೇಳಿದ್ದು ಅಕ್ಷರಶಃ ನಿಜ. ತೊಂಬತ್ತೊಂದರಿಂದ ಹದಿನೈದರವರೆಗೆ ಮೂವತ್ತೇಳು ಸೆಂಟ್, ಎಂಬತ್ತೆರಡು ಸೆಂಟ್, ನಾಲ್ಕು ಇಂಚು ಹದಿಮೂರು ಸೆಂಟ್ ಎಂದು ನೆಟ್ಟಗಿದ್ದ ಲೆಕ್ಕ, ಆಮೇಲೆ ಇಪ್ಪತ್ತೈದು, ಐವತ್ತು, ಎಪ್ಪತ್ತೈದು. ಧನುಶ್ರೀಯನ್ನು ಕರೆದು ಕೇಳಿದೆ.

"ನೋಡಿದ್ದೆ ಮೇಡಂ. ಅಪ್ಪ ವಯಸ್ಸಾದ್ಮೇಲೆ ರೌಂಡ್ ಮಾಡಿ ಬರ್ದಿರ್ಬೇಕು ಅಂದ್ಕೊಂಡೆ."

"ರೌಂಡ್ ಮಾಡೋಕೆ ಇದೇನು ತರಕಾರಿ ತೂಕವಾ?" ಎಂದು ಕೂಗಿದೆ. ಅವಳಪ್ಪ ಸೋಮಾರಿಯಾಗಿ ಬೆಚ್ಚಗೆ ಕೂತು ಬರೆದಿರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಕೋಪ ಬಂದಾಗ ನನಗೆ ತೀರ್ಮಾನಗಳು ಬಹಳ ಬೇಗ ಬರುತ್ತವೆ. ಇಂಗ್ಲಿಷಿನಲ್ಲಿ ಒಂದು ಪ್ರಮಾಣಪತ್ರ ಟೈಪ್ ಮಾಡಿಸಿದೆ. 'ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ ನಾನೇ ಖುದ್ದಾಗಿ ಅಳತೆ ಪಾತ್ರೆಯ ಗೆರೆ ನೋಡಿ ಈ ಎಲ್ಲ ಅಂಕಿಗಳನ್ನು ಬರೆದಿದ್ದೇನೆ' ಎಂಬುದು ಅದರ ಸಾರ. ಅವರ ಬಾಯಿಂದಲೇ ವಿಷಯ ಕೇಳಿ, ಎರಡು ಮಾತು ಬೈದು, ಸಹಿ ಹಾಕಿಸಿಕೊಂಡು ಬರುವುದೆಂದು ಜೂನ್ ಮೊದಲ ಭಾನುವಾರ ಹೊರಟೆ.

ಕುಶಾಲನಗರ ದಾಟಿ ಹೆಬ್ಬಾಲೆಯಲ್ಲಿ ಅವರ ಮನೆ. ಸಣ್ಣಸ್ವಾಮಿಯವರ ಅಪ್ಪ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ಕಾರು ನಿಲ್ಲಿಸುವಾಗಲೇ ಬಾಗಿಲಲ್ಲಿ ಅವರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲ್. ಕೈಯಲ್ಲಿ ಸೇವಂತಿಗೆ ಹಾರ. ನನಗೆಂದು ತಂದ ಹಾರ! ಥೀಸಿಸ್ ಮುಗಿದಿದೆ, ಗೈಡ್ ಮೇಡಂ ಅದನ್ನು ಹೇಳಲು ಬರುತ್ತಿದ್ದಾರೆ ಎಂದು ಅವರು ತಿಳಿದಿದ್ದರು.

"ಬನ್ನಿ ಮೇಡಂ ಬನ್ನಿ, ಬಡವರ ಮನೆಗೆ ಬಂದ್ರಲ್ಲಾ" ಎಂದು ಹಾರ ಮುಂದೆ ಚಾಚಿದರು. ನನ್ನ ಎಡಭುಜದ ಪಕ್ಕ, ಖಾಲಿ ಗಾಳಿಗೆ ಚಾಚಿದರು. ಹಿಂದೆ ನಿಂತಿದ್ದ ಅವರ ಹೆಂಡತಿ ವನಜಮ್ಮ ಮೊಣಕೈ ಹಿಡಿದು ಮೆಲ್ಲಗೆ ನನ್ನ ಕಡೆ ತಿರುಗಿಸಿದರು.

ನಾನು ಬೈಯಲು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅಲ್ಲೇ ನಿಂತುಹೋದವು.

ಧನುಶ್ರೀ ಅಪ್ಪನ ಕಣ್ಣಿನ ವಿಷಯ ನನಗೆ ಹೇಳಿರಲಿಲ್ಲ ಎಂದಲ್ಲ. ಅಪ್ಪನಿಗೆ ಈಚೆಗೆ ಕಣ್ಣು ಮಂಜು, ಮೈಸೂರಿಗೆ ತೋರಿಸಿದ್ದೀವಿ ಎಂದು ಯಾವಾಗಲೋ ಹೇಳಿದ್ದಳು. ಈಚೆಗೆ ಎಂಬ ಮಾತನ್ನು ಅವಳೂ ನಂಬಿದ್ದಳು, ನಾನೂ ನಂಬಿದ್ದೆ. ಧನುಶ್ರೀ ಕಾಫಿ, ಕಡುಬು, ಕೋಸಂಬರಿ ಎಲ್ಲ ತಂದಿಟ್ಟು ಎದುರಿಗೆ ಕೂತಳು. ನಾನು ಆದಷ್ಟು ಮೆತ್ತಗೆ ಕೇಳಿದೆ. "ಹದಿನೈದನೇ ಇಸವಿಯಿಂದ ಈಚೆಗೆ ನೀವು ಮಳೆ ಹೇಗೆ ಅಳೀತಿದ್ರಿ ಸಣ್ಣಸ್ವಾಮಿಯವರೇ?"

ಅವರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲವೆಂದು ಕಾಣುತ್ತದೆ.

"ಅದೇ ನೋಡಿ ಮೇಡಂ ಗುಟ್ಟು. ಆವಾಗ್ಲೇ ನಂಗೆ ಗಾಜಿನ ಸಣ್ಣ ಗೆರೆ ಕಾಣಿಸ್ತಿರ್ಲಿಲ್ಲ. ಪೂವಯ್ಯನೋರ್‌ಗೆ ಹೇಳಿದ್ರೆ 'ಸಾಕು, ರೆಸ್ಟ್ ತಗೊಳಿ' ಅಂದ್ಬಿಡೋರು. ಇವ್ಳು ಆಗಿನ್ನೂ ಎಂ.ಎಸ್ಸಿ. ಸೇರಿದ್ಲು. ಅದ್ಕೆ ಬೆರಳಲ್ಲಿ ಅಳೀತಿದ್ದೆ. ವನಜ ಅನ್ನಕ್ಕೆ ನೀರಿಡ್ತಾಳಲ್ಲ, ಬೆರಳಿಳಿಸಿ ಗೆರೆ ನೋಡ್ಕಂಡು, ಹಂಗೆ. ಮೊದ್ಲನೇ ಗೆರೆಗೆ ಇಪ್ಪತ್ತೈದು ಸೆಂಟು, ಎರಡನೇದಕ್ಕೆ ಐವತ್ತು. ಅಕ್ಷರ ದಪ್ಪಕ್ಕೆ ಬರೀತಿದ್ದೆ, ಯಾರ್ಗೂ ಗೊತ್ತಾಗ್ಲಿಲ್ಲ."

"ನಂಗೂ ಹೇಳ್ಲಿಲ್ವಲ್ಲಪ್ಪ" ಎಂದಳು ಧನುಶ್ರೀ.

"ನಿಂಗೆ ಹೇಳಿದ್ರೆ ಓದು ಬಿಟ್ಟು ಬಂದ್ಬಿಡ್ತಿದ್ದೆ ಮಗ" ಎಂದು ಅವರು ನಕ್ಕರು. ಅವಳು ಅಪ್ಪನನ್ನೇ ನೋಡುತ್ತ ಕೂತಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆರಳಿನ ಅಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ತಪ್ಪು ಎಷ್ಟಿರಬಹುದೆಂದು ಹೇಳಿ ಮುಂದೆ ಹೋಗಬಹುದು. ಆದರೆ ನನಗೆ ಬೇಕಾಗಿದ್ದುದು ಹದಿನೆಂಟರ ಆಗಸ್ಟಿನ ಹತ್ತು ದಿನ. ಗುಡ್ಡಗಳು ಜಾರಿದ್ದು ಆ ದಿನಗಳಲ್ಲಿ. ಧನುಶ್ರೀಯ ಪ್ರೋಗ್ರಾಂ ಅಪಾಯ ಎಂದರೇನು ಎಂದು ಕಲಿತದ್ದೇ ಆ ಹತ್ತು ಸಾಲುಗಳಿಂದ. ಅವನ್ನು ತೆಗೆದರೆ ಥೀಸಿಸ್‌ನಲ್ಲಿ ಉಳಿಯುವುದು ಸೊಗಸಾದ ಮುನ್ನುಡಿ ಮಾತ್ರ.

"ಆ ಹತ್ತು ದಿನ?" ಎಂದೆ.

"ಅಯ್ಯೋ, ಆವಾಗೆಲ್ಲಿ ಮೇಡಂ! ಬಂಗ್ಲೆ ದಾರಿನೇ ಕುಸಿದೋಗಿತ್ತು, ಡಬ್ಬಿನೂ ಕೊಚ್ಕೊಂಡೋಯ್ತು. ಇವ್ಳು ಇರ್ಲಿಲ್ಲ, ನಾವಿಬ್ರೇ ಲೈನ್ ಮನೇಲಿದ್ವಿ. ಆದ್ರೂ ಒಂದಿನಾನೂ ಬಿಡ್ಲಿಲ್ಲ ನಾನು. ಶೀಟ್ ಮೇಲೆ ಬೀಳೋ ಸದ್ದು ಕೇಳ್ಕಂಡೇ ಬರ್ದೆ. ಇವತ್ತು ಎಂಟು ಇಂಚು, ಇವತ್ತು ಹತ್ತೂವರೆ. ಇಪ್ಪತ್ತೇಳು ವರ್ಷ ಮಳೆ ಕೇಳಿದ ಕಿವಿ ಅಲ್ವಾ? ಮಳೆ ಕಾಲಂ ಖಾಲಿ ಬಿಡಬಾರ್ದು ಅಂತ ಪೂವಯ್ಯನೋರ ಅಪ್ಪನ ಕಾಲದಿಂದ್ಲೂ ರೂಲು. ಖಾಲಿ ಬಿಟ್ರೆ ರೈಟರ್ ಕೆಲ್ಸಕ್ಕೇ ಬಂದಿಲ್ಲ ಅಂತ ಅರ್ಥ."

ಆ ಮನುಷ್ಯನಿಗೆ ತಾನು ತಪ್ಪು ಮಾಡಿದೆನೆಂಬ ಅಳುಕು ಒಂದಿಷ್ಟೂ ಇರಲಿಲ್ಲ. ಅವರ ಮಟ್ಟಿಗೆ ಖಾಲಿ ಬಿಡುವುದೇ ಸುಳ್ಳು. ಗುಡ್ಡ ಜಾರುವ ಮಳೆಯಲ್ಲಿ, ಕಾಣದ ಕಣ್ಣಿನಲ್ಲಿ, ಕರ್ತವ್ಯ ಬಿಡದೆ ಬರೆದ ಸಾಲುಗಳು ಅವು. ಧನುಶ್ರೀ ತಲೆ ಎತ್ತಲಿಲ್ಲ. ಅವಳಿಗೆ ನನಗಿಂತ ಮೊದಲೇ ಎಲ್ಲ ಅರ್ಥವಾಗಿತ್ತು.

ಇನ್ನು ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನಾನು ಬ್ಯಾಗಿನಿಂದ ಆ ಪ್ರಮಾಣಪತ್ರ ತೆಗೆದೆ. ಅದರಲ್ಲಿ ಇರುವುದು ಸುಳ್ಳು ಎಂದು ಈಗ ನನಗೆ ಪೂರ್ತಿ ಗೊತ್ತಿತ್ತು. ಹುಡುಗಿಯ ಏಳು ವರ್ಷ ಎಂದುಕೊಂಡೆ. ಅದು ಅರ್ಧ ಸತ್ಯ. ನನ್ನ ನಿವೃತ್ತಿಗೆ ಮೂರು ತಿಂಗಳಿತ್ತು, ಜರ್ನಲ್ಲಿನ ಪ್ರಬಂಧದಲ್ಲಿ ನನ್ನ ಹೆಸರೂ ಇತ್ತು, ಅನೀಶ್‌ನಂಥ ನಿನ್ನೆಯ ಹುಡುಗನ ಮುಂದೆ ತಲೆ ತಗ್ಗಿಸುವುದು ನನಗೆ ಬೇಡವಾಗಿತ್ತು. ಉಳಿದರ್ಧ ಅದು.

"ಇದಕ್ಕೊಂದು ಸೈನ್ ಬೇಕಿತ್ತು" ಎಂದೆ.

"ಏನಂತ ಬರ್ದಿದೆ ಮೇಡಂ?"

"ಮಳೆ ಅಳೆದಿದ್ದು ನೀವೇ ಅಂತ."

"ಹೌದಲ್ಲ, ನಾನೇ ಅಳೆದಿದ್ದು!" ಎಂದು ಅವರು ಎದೆಯುಬ್ಬಿಸಿದರು. ಜೇಬಿನಿಂದ ತಮ್ಮದೇ ಪೆನ್ನು ತೆಗೆದರು. ನಾನು ಅವರ ತೋರುಬೆರಳು ಹಿಡಿದು ಸಹಿಯ ಗೆರೆಯ ಮೇಲೆ ಇಟ್ಟೆ. ತಣ್ಣಗಿನ, ಒರಟು ಬೆರಳು. ಅವರು ಉಸಿರು ಹಿಡಿದು ಒಂದೊಂದೇ ಅಕ್ಷರ ಬರೆದರು. ಸಹಿ ಗೆರೆ ಬಿಟ್ಟು ಮೇಲೆ ಹತ್ತಿ, ಟೈಪ್ ಮಾಡಿದ ಕೊನೆಯ ಸಾಲಿನ ಮೇಲೆ ಹರಿದುಹೋಯಿತು.

"ಗೆರೆ ಮೇಲೆ ಬಂತಾ ಮೇಡಂ?"

"ಬಂತು" ಎಂದೆ.

ಧನುಶ್ರೀ ಇಂಗ್ಲಿಷ್ ಓದಬಲ್ಲವಳು, ಎದುರಿಗೇ ಕೂತಿದ್ದಳು. ಬಾಯಿ ಬಿಟ್ಟರೆ ಅಪ್ಪನ ಎದುರಲ್ಲಿ ಅವರ ಇಪ್ಪತ್ತೊಂಬತ್ತು ವರ್ಷಗಳನ್ನು ಸುಳ್ಳೆನ್ನಬೇಕು. ಅವಳು ಸುಮ್ಮನೆ ಎದ್ದು ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದಳು. ನಾನು ಹೊರಟಾಗ ಕಾರಿನವರೆಗೆ ಬಂದು ಕೈ ಚಾಚಿದಳು. "ಆ ಕಾಗದ ನಂಗೆ ಕೊಡಿ ಮೇಡಂ. ನಾನೇ ಥೀಸಿಸ್ ಜೊತೆ ಇಡ್ತೀನಿ." ಕೊಟ್ಟೆ. ಅವಳ ಜವಾಬ್ದಾರಿಗೆ ದಾಟಿಸಿದ ಸಮಾಧಾನವೂ ಆಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆಮೇಲೆ ನಾಲ್ಕು ವಾರ ಅವಳು ವಿಭಾಗದ ಕಡೆ ಬರಲಿಲ್ಲ. ಫೋನ್ ಮಾಡಿದರೆ 'ಬರ್ತೀನಿ ಮೇಡಂ' ಎಂದಷ್ಟೇ. ಜೂನ್ ಮೂವತ್ತು ಸೋಮವಾರ. ಬೆಳಿಗ್ಗೆಯಿಂದ ಕಾದೆ. ಬೈಂಡ್ ಮಾಡಿಸಿದ ಐದು ಪ್ರತಿ ಹೊತ್ತು ಬರುತ್ತಾಳೆಂದು ಪ್ಯೂನ್ ಲೋಕೇಶನಿಗೆ ಎಲ್ಲೂ ಹೋಗಬೇಡ ಎಂದಿದ್ದೆ. ಮಧ್ಯಾಹ್ನ ಮೂರೂವರೆಗೆ ಅವಳು ಬಂದಾಗ ಕೈಯಲ್ಲಿ ಎರಡು ಹಾಳೆ ಮಾತ್ರ ಇದ್ದವು. ಒಂದು, ಥೀಸಿಸ್ ಸಲ್ಲಿಸುತ್ತಿಲ್ಲವೆಂದು ರಿಜಿಸ್ಟ್ರಾರರಿಗೆ. ಇನ್ನೊಂದು, ಅಂಕಿಗಳು ಅಳೆದವಲ್ಲವಾದ್ದರಿಂದ ನಮ್ಮ ಪ್ರಬಂಧವನ್ನು ಹಿಂತೆಗೆದುಕೊಳ್ಳಿ ಎಂದು ಜರ್ನಲ್ಲಿಗೆ. ಎರಡನೆಯದರಲ್ಲಿ ನನ್ನ ಸಹಿಗೂ ಜಾಗ ಬಿಟ್ಟಿದ್ದಳು.

ನಾನು ಕಿರುಚಿದೆ. ಕಾರಿಡಾರಿನಲ್ಲಿದ್ದವರೆಲ್ಲ ನಿಂತು ನೋಡುವಷ್ಟು ಕಿರುಚಿದೆ. ಏಳು ವರ್ಷ ನೀರಿಗೆ ಹಾಕ್ತಿದ್ದೀಯ, ನಿನಗೆ ತಲೆ ಕೆಟ್ಟಿದೆ, ಹತ್ತೇ ಹತ್ತು ಸಾಲು, ಯಾರು ನೋಡ್ತಾರೆ? ಅವಳು ಮೊದಲಿನ ಹಾಗೆಯೇ ತಲೆ ತಗ್ಗಿಸಿ ನಿಂತಿದ್ದಳು. ನನ್ನ ಉಸಿರು ಮುಗಿಯುವವರೆಗೂ ಕಾದಳು.

"ಅಪ್ಪ ಎಂಟು ಇಂಚು ಅಂತ ಬರ್ದಿದಾರೆ. ನಿಜಕ್ಕೂ ನಾಲ್ಕೇ ಇಂಚಿಗೆ ಗುಡ್ಡ ಜಾರಿದ್ರೆ? ನನ್ನ ಪ್ರೋಗ್ರಾಂ ಐದು ಇಂಚಿಗೆ 'ಏನೂ ಆಗಲ್ಲ' ಅನ್ನುತ್ತೆ. ಯಾರಾದ್ರೂ ಅದನ್ನ ನಂಬಿ ಮಕ್ಕಳಿಗೆ ಹೊದಿಸಿ ಮಲಗಿದ್ರೆ ಏನ್ಮಾಡ್ಲಿ ಮೇಡಂ?"

ಈ ಪ್ರಶ್ನೆಯನ್ನು ಏಳು ವರ್ಷದ ಹಿಂದೆ ನಾನೇ ಅವಳಿಗೆ ಕೇಳಬೇಕಿತ್ತು.

"ಆ ಸೈನ್ ಮಾಡಿದ ಕಾಗದ?"

"ಒಲೆಗೆ ಹಾಕ್ದೆ."

"ಅಪ್ಪನಿಗೆ ಏನು ಹೇಳ್ತೀಯ?"

ಆಗ ಮೊದಲ ಸಲ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಯೂನಿವರ್ಸಿಟಿಯೋರು ಒಪ್ಲಿಲ್ಲ ಅಂತೀನಿ. ಅವ್ರ ಲೆಕ್ಕ ಸರಿಯಿಲ್ಲ ಅಂತ ಮಾತ್ರ ಹೇಳಲ್ಲ. ನೀವೂ ಹೇಳ್ಬೇಡಿ ಮೇಡಂ. ಅದೊಂದು ನಡೆಸಿಕೊಡಿ."

ನಡೆಸಿಕೊಡುತ್ತೇನೆ ಎಂದೆ. ಐದು ಗಂಟೆಗೆ ಕಚೇರಿ ಮುಚ್ಚಿತು. ಅವಳು ಬಸ್ಸಿಗೆ ಹೊತ್ತಾಗುತ್ತದೆಂದು ಹೊರಟುಹೋದಳು. ಜರ್ನಲ್ಲಿನ ಕಾಗದಕ್ಕೆ ನಾನು ಸಹಿ ಹಾಕಲು ಇನ್ನೂ ಒಂಬತ್ತು ದಿನ ತೆಗೆದುಕೊಂಡೆ. ಆ ಒಂಬತ್ತು ದಿನಗಳ ಬಗ್ಗೆ ಏನೂ ಹೇಳಲಾರೆ.

ಸೆಪ್ಟೆಂಬರಿನಲ್ಲಿ ನಾನು ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಶಾಲು, ಹಣ್ಣಿನ ಬುಟ್ಟಿ ಎಲ್ಲ ಇದ್ದವು, ಹಿಂತೆಗೆದ ಪ್ರಬಂಧದ ಸುದ್ದಿಯೂ ಕುರ್ಚಿಯಿಂದ ಕುರ್ಚಿಗೆ ಓಡಾಡುತ್ತಿತ್ತು. ಮಾತಾಡಲು ಎದ್ದವರಲ್ಲಿ ಅನೀಶ್ ಒಬ್ಬನೇ ಅದನ್ನು ಬಾಯಿಬಿಟ್ಟು ಹೇಳಿದ. ತಪ್ಪು ಕಂಡಾಗ ಒಪ್ಪಿಕೊಂಡವರು ನಮ್ಮ ಮೇಡಂ ಎಂದ. ಚಪ್ಪಾಳೆಯೂ ಬಿತ್ತು. ಎದ್ದು ನಿಂತು ಅಲ್ಲ ಎನ್ನುವ ಧೈರ್ಯ ನನಗೆ ಬರಲಿಲ್ಲ. ಧನುಶ್ರೀ ಅಲ್ಲಿ ಇರಲಿಲ್ಲ. ಅವಳು ಈಗ ಕುಶಾಲನಗರದ ಬಳಿ ಒಂದು ಶಾಲೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಹಬ್ಬಕ್ಕೆ ಒಂದು ಮೆಸೇಜ್ ಕಳಿಸುತ್ತಾಳೆ. ಅದರಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಇರುವುದಿಲ್ಲ.

ಪುತ್ತರಿ ಸುಗ್ಗಿ ಹಬ್ಬ ಕಳೆದ ಮರುವಾರ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಸಣ್ಣಸ್ವಾಮಿ. ವನಜಮ್ಮನ ಕೈಯಲ್ಲಿ ನಂಬರ್ ಒತ್ತಿಸಿದ್ದರು. ಮಗಳು ಶಾಲೆಗೆ ಹೋಗಿದ್ದಾಳೆ, ಅವಳಿಗೆ ಗೊತ್ತಾಗುವುದು ಬೇಡ ಎಂದು ದನಿ ತಗ್ಗಿಸಿಯೇ ಮಾತು ಶುರು ಮಾಡಿದರು.

"ಒಂದು ಮಾತು ಕೇಳ್ಬೇಕಿತ್ತು ಮೇಡಂ. ಕೇಳಿದ್ರೆ ಧನು ಏನೂ ಹೇಳಲ್ಲ, ಎದ್ದೋಗ್ಬಿಡ್ತಾಳೆ. ಅವತ್ತು ನಾನು ಹಾಕಿದ ಸೈನು ಗೆರೆ ಬಿಟ್ಟು ಹೋಗಿತ್ತೇನೋ ಅಲ್ವಾ? ನೀವು ದೊಡ್ಡೋರು, ನಂಗೆ ಬೇಜಾರಾಗುತ್ತೆ ಅಂತ 'ಬಂತು' ಅಂದ್ರಿ. ಅದ್ಕೇ ಯೂನಿವರ್ಸಿಟಿಯೋರು ಒಪ್ಲಿಲ್ಲ ಅಂತ ಕಾಣುತ್ತೆ."

ನಾನು ಊಟದ ತಟ್ಟೆ ಬಿಟ್ಟು ಎದ್ದೆ.

"ಈಗ ದಿನಾ ಅಭ್ಯಾಸ ಮಾಡ್ತಿದೀನಿ ಮೇಡಂ. ವನಜ ಸ್ಕೇಲ್ ಹಿಡ್ಕತಾಳೆ, ಅದಕ್ಕೆ ಆನಿಸ್ಕಂಡು ಬರೀತೀನಿ. ಒಂದು ನೋಟ್‌ಬುಕ್ಕೇ ತುಂಬಿದೆ. ಈಗ ನೆಟ್ಟಗೆ ಬರುತ್ತೆ ಅಂತಾಳೆ. ಅಂಥದ್ದೇ ಇನ್ನೊಂದು ಕಾಗದ ಕಳಿಸಿಕೊಟ್ರೆ ಹಾಕಿಕೊಡ್ತೀನಿ. ಹುಡುಗಿ ಏಳು ವರ್ಷ ಒದ್ದಾಡಿದಾಳೆ, ನನ್ನ ಕಣ್ಣಿಂದ ಹಾಳಾಗ್ಬಾರ್ದು."

"ನಿಮ್ಮ ಸೈನ್ ಸರಿಯಾಗೇ ಇತ್ತು ಸಣ್ಣಸ್ವಾಮಿಯವರೇ" ಎಂದೆ. "ತಪ್ಪು ನಂದು. ಪೂರ್ತಿ ನಂದು."

"ಬಿಡಿ ಮೇಡಂ, ಗುರುಗಳು ನೀವು, ಹಂಗನ್ಬಾರ್ದು" ಎಂದು ನನ್ನನ್ನೇ ಸಮಾಧಾನ ಮಾಡಿದರು. ಒಂದು ಮಾತನ್ನೂ ಅವರು ನಂಬಲಿಲ್ಲ. ಇನ್ನೇನು ಹೇಳಿದರೂ ಧನುಶ್ರೀಗೆ ಕೊಟ್ಟ ಮಾತು ಮುರಿಯುತ್ತಿತ್ತು. ನಾನು ಅಳುತ್ತಿರುವುದು ಕೇಳಿಸಬಾರದೆಂದು ಫೋನನ್ನು ಕಿವಿಯಿಂದ ದೂರ ಹಿಡಿದೆ. ಆ ಕಡೆಯಿಂದ ಅವರ ದನಿ ಸಣ್ಣಗೆ ಕೇಳುತ್ತಲೇ ಇತ್ತು. ಕಾಗದ ಪೋಸ್ಟಿಗೆ ಹಾಕಿದರೆ ಸಾಕು, ಹೆಬ್ಬಾಲೆ ಎಂದು ಬರೆದರೆ ಪೋಸ್ಟ್‌ಮ್ಯಾನ್ ತಂದುಕೊಡುತ್ತಾನೆ, ಆದರೆ ಬೆಳಿಗ್ಗೆ ಹತ್ತರ ಮೇಲೆ, ಧನು ಮನೆಯಲ್ಲಿ ಇಲ್ಲದಾಗ ಬರುವ ಹಾಗೆ ನೋಡಿಕೊಳ್ಳಿ ಎಂದು ಹೇಳುತ್ತಿದ್ದರು.